ಎಲೈಸಾದಲ್ಲಿ ಬಣ್ಣ ಬಂತು, ಬ್ಲಾಟ್‌ನಲ್ಲಿ ಬ್ಯಾಂಡ್ ಯಾಕಿಲ್ಲ?

ಪ್ರಶ್ನೆ: ಸರ್, ನಾನು ಎಂಎಸ್ಸಿ ಝೂವಾಲಜಿ, ಪ್ರಾಜೆಕ್ಟಿಗೆ ಇಲಿಯ ಪಿಟ್ಯುಟರಿ ಗ್ರಂಥಿಯಲ್ಲಿ ಅಂಡ ಬಿಡುಗಡೆ ಮಾಡಿಸೋ ಎಲ್‌ಎಚ್ ಹಾರ್ಮೋನ್ ಹುಡುಕ್ತಿದೀನಿ. ಲ್ಯಾಬಲ್ಲಿದ್ದ ಮೌಸ್ ಮೊನೊಕ್ಲೋನಲ್ ಆಂಟಿಬಾಡಿ ಎಲೈಸಾದಲ್ಲಿ (ಹಾರ್ಮೋನ್ ಇದ್ರೆ ಬಣ್ಣ ಬರೋ ಪರೀಕ್ಷೆ) ಚೆನ್ನಾಗಿ ಬಣ್ಣ ಕೊಡುತ್ತೆ, ಅದನ್ನೇ ವೆಸ್ಟರ್ನ್ ಬ್ಲಾಟಿಗೆ (ಪ್ರೋಟೀನ್‌ಗಳನ್ನ ಗಾತ್ರದ ಪ್ರಕಾರ ಬೇರೆ ಮಾಡಿ ಬ್ಯಾಂಡ್ ಅಂದ್ರೆ ಪಟ್ಟಿಯಾಗಿ ನೋಡೋದು) ಹಾಕಿದ್ರೆ ಏನೂ ಇಲ್ಲ. ಮೂರು ಸಲ ಮಾಡ್ದೆ. ವಯಲ್ ಹಾಳ್ ಮಾಡಿದೀಯ ಅಂತ ಗೈಡ್ ಬೈತಾರೆ.
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ವಯಲ್ ಹಾಳಾಗಿದ್ರೆ ಎಲೈಸಾದಲ್ಲೂ ಬಣ್ಣ ಬರ್ತಿರ್ಲಿಲ್ಲ ಅಲ್ವಾಮ್ಮ, ಇದನ್ನ ಗೈಡಿಗೆ ಸ್ವಲ್ಪ ನಯವಾಗಿ ಹೇಳಿ. ಆಂಟಿಬಾಡಿ ಇಡೀ ಹಾರ್ಮೋನನ್ನ ಗುರುತು ಹಿಡಿಯಲ್ಲ, ಅದರ ಮೈಮೇಲಿನ ಒಂದು ಚಿಕ್ಕ ಜಾಗಕ್ಕೆ ಅಂಟ್ಕೊಳ್ಳುತ್ತೆ ಅಷ್ಟೇ, ಅದೇ ಎಪಿಟೋಪ್. ಎಲ್‌ಎಚ್‌ನಲ್ಲಿ ಆಲ್ಫಾ ಬೀಟಾ ಅಂತ ಎರಡು ಸರಪಳಿ ಒಂದಕ್ಕೊಂದು ಒತ್ತಿ ಕೂತಿರ್ತಾವೆ, ನಡುವೆ ಡೈಸಲ್ಫೈಡ್ ಗಂಟು (ಗಂಧಕದ ಬಂಧ) ಇಲ್ಲ, ಹಾಗಾಗಿ ನೀವು ಎಸ್‌ಡಿಎಸ್ ಅನ್ನೋ ಸೋಪಿನಂಥದ್ದನ್ನ ಹಾಕಿ ಕುದಿಸಿದ ತಕ್ಷಣ ಬೇರೆ ಆಗ್ತಾವೆ, ಇನ್ನು ಮರ್ಕಾಪ್ಟೊಎಥನಾಲ್ ಹಾಕಿದ್ರಂತೂ ಬೀಟಾದ ಒಳಗಿನ 6 ಗಂಟೂ ಬಿಚ್ಚಿ ಸರಪಳಿ ದಾರದ ಥರ ಚಾಚ್ಕೊಳ್ಳುತ್ತೆ. ನಿಮ್ಮ ಆಂಟಿಬಾಡಿ ಎಲೈಸಾದಲ್ಲಿ ಹಾಗೇ ಉಳಿಯೋ ಆ ಮಡಚಿದ ಆಕಾರವನ್ನೇ ನಂಬ್ಕೊಂಡಿದ್ರೆ ಅದಕ್ಕೆ ಅಂಟೋಕೆ ಜಾಗವೇ ಇರಲ್ಲ.

ನಾಲ್ಕನೇ ಬ್ಲಾಟ್ ಮಾಡೋಕೆ ಹೋಗ್ಬೇಡಿ. ನೈಟ್ರೋಸೆಲ್ಯುಲೋಸ್ ತುಂಡಿನ ಮೇಲೆ ಅದೇ ಸ್ಯಾಂಪಲ್‌ನ ಎರಡು ಹನಿ ಇಡಿ, ಒಂದು ಹಾಗೇ, ಇನ್ನೊಂದು ಬ್ಲಾಟಿಗೆ ಮಾಡಿದ ಥರಾನೇ ಎಸ್‌ಡಿಎಸ್, ಮರ್ಕಾಪ್ಟೊಎಥನಾಲ್ ಹಾಕಿ ಕುದಿಸಿದ್ದು. ಮೊದಲನೇದು ಮಾತ್ರ ಬಣ್ಣ ಬಂದ್ರೆ ನನ್ನ ಅನುಮಾನ ನಿಜ, ಬೀಟಾದ ಪೆಪ್ಟೈಡ್ ತುಂಡಿನಿಂದ ಮಾಡಿದ, ಡೇಟಾಶೀಟಲ್ಲಿ ಇಲಿಗೂ ವೆಸ್ಟರ್ನಿಗೂ ಆಗುತ್ತೆ ಅಂತಿರೋ ಆಂಟಿಬಾಡಿ ತರಿಸಿ. ಬೀಟಾ ಅಂತ ಒತ್ತಿ ಹೇಳ್ತಿದೀನಿ, ಯಾಕಂದ್ರೆ ಆಲ್ಫಾ ಸರಪಳಿ ಎಲ್‌ಎಚ್, ಅಂಡ ಬೆಳೆಸೋ ಎಫ್‌ಎಸ್‌ಎಚ್, ಥೈರಾಯ್ಡನ್ನ ಕೆರಳಿಸೋ ಟಿಎಸ್‌ಎಚ್ ಎಲ್ಲದಕ್ಕೂ ಒಂದೇ, ಪಿಟ್ಯುಟರಿಯಲ್ಲಿ ಮೂರೂ ಇರ್ತಾವೆ, ಆಲ್ಫಾ ಹಿಡಿಯೋ ಆಂಟಿಬಾಡಿಯಿಂದ ಬ್ಯಾಂಡ್ ಏನೋ ಬರುತ್ತೆ ಆದ್ರೆ ಯಾರದ್ದು ಅಂತ ಗೊತ್ತಾಗಲ್ಲ. ಪಕ್ಕದ ಲೇನಲ್ಲಿ ಲಿವರ್ ಸ್ಯಾಂಪಲ್ ಹಾಕಿ, ಅಲ್ಲಿ ಬೀಟಾ ಬ್ಯಾಂಡ್ ಬರಬಾರದು. 25, 50 ಕಿಲೋಡಾಲ್ಟನ್ ಹತ್ರ ಏನಾದ್ರೂ ಕಂಡ್ರೆ ಕುಣಿದಾಡ್ಬೇಡಿ, ಇಲಿ ರಕ್ತದಲ್ಲಿರೋ ಅದರದ್ದೇ ಆಂಟಿಬಾಡಿಗೆ, ಅಂದ್ರೆ ಐಜಿಜಿಗೆ, ನಿಮ್ಮ ಸೆಕೆಂಡರಿ (ಮೊದಲನೇದನ್ನ ಹಿಡಿದು ತೋರಿಸೋ ಎರಡನೇ ಆಂಟಿಬಾಡಿ) ಅಂಟಿರಬಹುದು.

ಪ್ರಶ್ನೆ: ಪ್ರೆಗ್ನೆನ್ಸಿ ಕಾರ್ಡಲ್ಲೂ ಇದೇ ಆಂಟಿಬಾಡಿನಾ? ನನಗೆ ಟಿ (ಟೆಸ್ಟ್) ಗೆರೆ ಬಂತು, ಸಿ (ಕಂಟ್ರೋಲ್) ಬರ್ಲೇ ಇಲ್ಲ.
– ಓದುಗರು, ಹಾಸನ

ಉತ್ತರ: ಅಲ್ಲ, ಅದರಲ್ಲಿರೋದು ಎಚ್‌ಸಿಜಿ ಅನ್ನೋ ಗರ್ಭದ ಹಾರ್ಮೋನ್ ಹಿಡಿಯೋದು. ಎಚ್‌ಸಿಜಿಯ ಬೀಟಾ ಎಲ್‌ಎಚ್‌ದಕ್ಕೆ ಅಕ್ಕತಂಗಿ ಥರ, ಆದ್ರೆ ಎಲ್‌ಎಚ್‌ದರಲ್ಲಿ 121 ಅಮೈನೋ ಆಮ್ಲ, ಎಚ್‌ಸಿಜಿಯದರಲ್ಲಿ 145, ತುದಿಯಲ್ಲೊಂದು ಬಾಲ ಜಾಸ್ತಿ. ಬೀಟಾ ಹಿಡಿದು ಇವೆರಡನ್ನ ಬೇರೆ ಮಾಡೋ ಪರೀಕ್ಷೆ ಬಂದಿದ್ದು 1972ರಲ್ಲಿ, ಅದಕ್ಕೂ ಹಿಂದೆ ಗರ್ಭ ಪರೀಕ್ಷೆಗೆ ಕಪ್ಪೆಗೆ ಮೂತ್ರ ಚುಚ್ತಿದ್ರು! ಸಿ ಗೆರೆ ಹಾರ್ಮೋನ್ ನೋಡಲ್ಲ, ಮೂತ್ರದ ಜೊತೆ ಹರಿದು ಬಂದ ಬಣ್ಣದ ಆಂಟಿಬಾಡಿನ ಹಿಡಿಯುತ್ತೆ. ಅದೇ ಬಂದಿಲ್ಲ ಅಂದ್ರೆ ಟಿ ಗೆರೆನೂ ಲೆಕ್ಕಕ್ಕಿಲ್ಲ, ಎಕ್ಸ್‌ಪೈರಿ ನೋಡ್ಕೊಂಡು ಹೊಸ ಕಾರ್ಡ್ ತಗೊಂಡು ನಾಳೆ ಬೆಳಗಿನ ಮೊದಲ ಮೂತ್ರದಲ್ಲಿ ಮಾಡಿ.