ಕುಂಕುಮವೂ ವೀಳ್ಯದೆಲೆಯೂ ಒಂದೇ ಬೂದು

ಬೀದಿಯಲ್ಲಿ ಕಂಡ, ಗುರುತು ಪರಿಚಯವಿಲ್ಲದವರ ಕಪ್ಪು ಬಿಳುಪು ಫೋಟೋ ತೆಗೆಯುವ ಬಗ್ಗೆ ಕೇಳುವುದಿದ್ದರೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ‘ಯಾವ ಕ್ಯಾಮೆರಾ ಕೊಳ್ಳಲಿ ಮೇಡಂ?’ ಎಂಬುವೇ. ಅವಕ್ಕೆಲ್ಲ ಒಂದೇ ಉತ್ತರ: ಈಗ ಕೈಯಲ್ಲಿರುವುದೇ ಸಾಕು. ಉಳಿದವು ಇಲ್ಲಿವೆ.

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಕುಂಕುಮದ ರಾಶಿ ಮುಂದಿಟ್ಟುಕೊಂಡು ಕೂತ ಹೆಂಗಸೊಬ್ಬರ ಫೋಟೋ ತೆಗೆದೆ. ಬಣ್ಣದಲ್ಲಿ ಸೊಗಸಾಗಿತ್ತು. ಕಪ್ಪು ಬಿಳುಪು ಮಾಡಿದ್ದೇ ತಡ, ಎಲ್ಲ ಕಲಸಿಹೋಯಿತು. ಪಕ್ಕದ ವೀಳ್ಯದೆಲೆ ಕಟ್ಟು ಯಾವುದು, ಕುಂಕುಮ ಯಾವುದು ಗೊತ್ತೇ ಆಗುವುದಿಲ್ಲ. ಏಕೆ?
— ಓದುಗರು, ಹಾಸನ

ಕಣ್ಣಿಗೆ ಕೆಂಪೂ ಹಸಿರೂ ಹೊಡೆದಾಡುತ್ತವೆ. ಬಣ್ಣ ಕಿತ್ತುಹಾಕಿ ಬರೀ ಬೆಳಕಿನ ಪ್ರಮಾಣ ಅಳೆದರೆ ಎರಡೂ ಹೆಚ್ಚುಕಡಿಮೆ ಒಂದೇ ಗಾಢ ಬೂದು. ನಿಮ್ಮ ಫೋನು ಒಂದೇ ಗುಂಡಿಯಲ್ಲಿ ಮಾಡಿಕೊಟ್ಟದ್ದು ಅಷ್ಟೇ.

ದಾರಿ ಇದೆ. ಎಡಿಟಿಂಗ್ ಆ್ಯಪ್‌ನಲ್ಲಿ ಬಣ್ಣದ ಫೈಲನ್ನೇ ತೆರೆದು, ಕಪ್ಪು ಬಿಳುಪು ಮಿಕ್ಸರ್‌ಗೆ ಹೋಗಿ. ಅಲ್ಲಿ ಕೆಂಪು, ಕಿತ್ತಳೆ, ಹಳದಿ, ಹಸಿರು ಹೀಗೆ ಬೇರೆ ಬೇರೆ ಸ್ಲೈಡರ್ ಇರುತ್ತವೆ. ಕೆಂಪನ್ನು ಇಳಿಸಿ, ಕುಂಕುಮ ಕರ್ರಗಾಗುತ್ತದೆ. ಹಸಿರನ್ನು ಸ್ವಲ್ಪ ಏರಿಸಿ, ಎಲೆ ತಿಳಿಯಾಗುತ್ತದೆ. ನಮ್ಮ ಮೈಬಣ್ಣ ಇರುವುದು ಬಹುಪಾಲು ಕಿತ್ತಳೆಯಲ್ಲಿ. ಅದನ್ನು ಒಂಚೂರು ಮೇಲೆ ತಂದರೆ ಆಕೆಯ ಮುಖ ಬೆಳಗುತ್ತದೆ, ಹಣೆಯ ಕುಂಕುಮ ಕರಿ ಚುಕ್ಕೆಯಾಗಿಯೇ ಉಳಿಯುತ್ತದೆ. ಎಲ್ಲ ಸ್ಲೈಡರನ್ನೂ ಕೊನೆ ಮುಟ್ಟಿಸಬೇಡಿ. ಬಣ್ಣದ ಗಡಿಗಳಲ್ಲಿ ಬಿಳಿ ಗೆರೆ ಏಳುತ್ತದೆ, ಕೆನ್ನೆ ಮೇಲೆ ತೊನ್ನು ಹತ್ತಿದಂತೆ ಕಾಣುತ್ತದೆ.

ರೀಲಿನ ಕಾಲದಲ್ಲಿ ಇದೇ ಕೆಲಸವನ್ನು ಲೆನ್ಸಿನ ಮುಂದೆ ಗಾಜಿನ ಫಿಲ್ಟರ್ ಸಿಕ್ಕಿಸಿ ಮಾಡುತ್ತಿದ್ದೆವು. ಫಿಲ್ಟರ್ ತನ್ನದೇ ಬಣ್ಣವನ್ನು ಬೆಳ್ಳಗೆ ಮಾಡುತ್ತದೆ, ಎದುರು ಬಣ್ಣವನ್ನು ಕಪ್ಪು ಮಾಡುತ್ತದೆ. ಕೆಂಪು ಫಿಲ್ಟರ್ ಹಾಕಿದರೆ ಮೋಡ ಅದ್ಭುತವಾಗಿ ಬರುತ್ತದೆ, ಆದರೆ ಹಣೆಯ ಕುಂಕುಮ ಮಾಯ. ಹಳದಿ ಫಿಲ್ಟರ್‌ಗೆ ಸೇವಂತಿಗೆ ಹಿಟ್ಟಿನಷ್ಟು ಬಿಳುಪು. ನಿಮ್ಮ ಮನೆಯ ಅಟ್ಟದಲ್ಲಿ ಮುತ್ತಜ್ಜಿಯ ಕಾಲದ ಸ್ಟುಡಿಯೋ ಫೋಟೋ ಇದ್ದರೆ ತೆಗೆದು ನೋಡಿ, ಕುಂಕುಮ ಇದ್ದಿಲಿನಷ್ಟು ಕಪ್ಪಗಿರಬಹುದು. ಆಗ ಸ್ಟುಡಿಯೋಗಳಲ್ಲಿ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಅದಕ್ಕೇ ಅವನ್ನು ಕೆಂಪು ದೀಪದಡಿ ತೊಳೆಯಲು ಆಗುತ್ತಿತ್ತು.

ಇಷ್ಟೆಲ್ಲ ಹೇಳಿ ಒಂದು ಮಾತು: ಆ ಫೋಟೋದ ಜೀವವೇ ಬಣ್ಣವಾಗಿದ್ದರೆ ಬಣ್ಣದಲ್ಲೇ ಬಿಡಿ. ಹೂವಿನ ಸಾಲು, ಕುಂಕುಮದ ಅಂಗಡಿ, ಬಳೆ ಅಂಗಡಿ, ಇವನ್ನು ಬೂದು ಮಾಡಿ ‘ಆರ್ಟ್’ ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಆಕೆ ಚಿಲ್ಲರೆ ಎಣಿಸುತ್ತಿದ್ದರೆ, ಆ ಬೆರಳ ಮೇಲೆ ಸಂದಿಯಿಂದ ಬಿಸಿಲು ಬಿದ್ದಿದ್ದರೆ, ಆಗ ಕಪ್ಪು ಬಿಳುಪು ಮಾಡಿ.

ಕೇಳಿ ತೆಗೆದರೆ ಎಲ್ಲರೂ ಕಂಬದ ಹಾಗೆ ನಿಲ್ಲುತ್ತಾರೆ. ಕೇಳದೆ ತೆಗೆದರೆ ಜಗಳ. ನಾನು ಕಾಲೇಜು ಹುಡುಗಿ, ಧೈರ್ಯವೂ ಕಡಿಮೆ. ಏನು ಮಾಡಲಿ ಮೇಡಂ?
— ಓದುಗರು, ಬೆಂಗಳೂರು

ಕಂಬದ ಹಾಗೆ ನಿಂತದ್ದನ್ನೂ ತೆಗೆಯಮ್ಮ. ಅದು ಅವರ ಫೋಟೋ. ನಿನ್ನದು ಆಮೇಲೆ ಬರುತ್ತದೆ.

ನಮ್ಮ ಕಡೆ ಸೈಕಲ್ ಮೇಲೆ ಸಾಣೆಕಲ್ಲು ಕಟ್ಟಿಕೊಂಡು ಬರುವವನೊಬ್ಬನಿದ್ದಾನೆ. ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು ಪೆಡಲ್ ತುಳಿದರೆ ಹ್ಯಾಂಡಲ್ ಹತ್ತಿರ ಕಲ್ಲು ತಿರುಗುತ್ತದೆ. ಹೋಗಿ ಕೇಳಿದೆ: “ಅಣ್ಣಾ, ಒಂದು ಫೋಟೋ ತಗೊಳ್ಳಲಾ?”

“ಯಾವ ಪೇಪರ್‌ಗೆ?”

“ಪೇಪರ್‌ಗಲ್ಲ, ನನಗೇ.”

“ನಿಮಗ್ಯಾಕಮ್ಮ ನಾನು?”

ನ್ಯಾಯವಾದ ಪ್ರಶ್ನೆ. ನೀವು ಕೆಲಸ ಮಾಡೋದು ನೋಡೋಕೆ ಚೆನ್ನಾಗಿದೆ ಅಂದೆ. ಅವನು ಪೆಡಲ್ ನಿಲ್ಲಿಸಿದ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ, ತಲೆ ಸವರಿಕೊಂಡ, ರೇಷನ್ ಕಾರ್ಡಿಗೆ ಕೂತವನಂತೆ ನೆಟ್ಟಗೆ ಕೂತ. ತೆಗೆದೆ. ಥ್ಯಾಂಕ್ಸ್ ಹೇಳಿದೆ, ಆದರೆ ಹೋಗಲಿಲ್ಲ. ಅಲ್ಲೇ ಕಲ್ಲುಕಟ್ಟೆ ಮೇಲೆ ಕೂತು ಸಾಣೆಗೆ ಎಷ್ಟು, ಮಚ್ಚಿಗೆ ಜಾಸ್ತಿಯಾ, ಅದೂ ಇದೂ ಮಾತಾಡಿದೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಈಳಿಗೆಮಣೆ ತಂದರು. ನಾನಿದ್ದದ್ದೇ ಅವನಿಗೆ ಮರೆತುಹೋಯಿತು. ಕಲ್ಲಿನಿಂದ ಕಿಡಿ ಹಾರಿತು, ನಿಂತಿತು. ಅಲಗನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಅಡ್ಡಡ್ಡ ಸವರಿ ನೋಡಿದ. ಹೆಬ್ಬೆರಳ ತುಂಬ ಸಣ್ಣ ಸಣ್ಣ ಕಪ್ಪು ಗೆರೆ. ಅದು ನನ್ನ ಫೋಟೋ.

ಎರಡನ್ನೂ ಪ್ರಿಂಟ್ ಹಾಕಿಸಿ ಕೊಟ್ಟೆ. ಮೊದಲನೆಯದನ್ನು ಜೇಬಿಗೆ ಇಟ್ಟುಕೊಂಡ. ಎರಡನೆಯದನ್ನು ವಾಪಸ್ ಕೊಟ್ಟ: “ಇದರಲ್ಲಿ ನಾನೆಲ್ಲಿದೀನಿ? ಬರೀ ಕೈಯೇ ಇದೆ.”

ಧೈರ್ಯದ ಮಾತಿಗೆ ಬಂದರೆ, ಮೊದಮೊದಲು ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗು. ಅವಳು ಸೊಪ್ಪಿಗೆ ಚೌಕಾಸಿ ಮಾಡುತ್ತಿರಲಿ, ನೀನು ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಎಲ್ಲರಿಗೂ ಕಾಣುವಂತೆ ನಿಲ್ಲು. ಕೆ.ಆರ್. ಮಾರುಕಟ್ಟೆಗೆ ಬೆಳಕು ಹರಿಯುವ ಹೊತ್ತಿಗೆ ಹೋದರೆ ಹೂವಿನ ವ್ಯಾಪಾರದ ಭರಾಟೆಯಲ್ಲಿ ನಿನ್ನನ್ನು ಕೇಳುವವರೇ ಇರುವುದಿಲ್ಲ. ಯಾರಾದರೂ ಬೇಡ ಎಂದು ಕೈ ಅಡ್ಡ ಹಿಡಿದರೆ ಕ್ಯಾಮೆರಾ ಇಳಿಸಿಬಿಡು. ವಾದ ಬೇಡ.

ನನ್ನ ಹತ್ತಿರ 70–300 ಜೂಮ್ ಇದೆ. ರಸ್ತೆಯಾಚೆ ನಿಂತು ತೆಗೆದರೆ ಯಾರಿಗೂ ತೊಂದರೆ ಇಲ್ಲವಲ್ಲ?
— ಓದುಗರು, ದಾವಣಗೆರೆ

ಕಿಟಕಿ ಪರದೆ ಸರಿಸಿ ಪಕ್ಕದ ಮನೆ ಇಣುಕಿದಂತಿರುತ್ತದೆ ಆ ಫೋಟೋ. ಜೂಮನ್ನು ರಂಗನತಿಟ್ಟಿನ ಹಕ್ಕಿಗಳಿಗೆ ಇಟ್ಟುಕೊಳ್ಳಿ. ಬೀದಿಗೆ 28 ಅಥವಾ 35 ಮಿ.ಮೀ.ನ ಅಗಲ ನೋಟದ ಲೆನ್ಸ್ ಸಾಕು; ನಿಮ್ಮದು ಚಿಕ್ಕ ಸೆನ್ಸರ್ ಕ್ಯಾಮೆರಾ ಆದರೆ 23ರ ಲೆನ್ಸೇ 35ರ ನೋಟ ಕೊಡುತ್ತದೆ. ಫೋನಿನ ಮಾಮೂಲಿ ಲೆನ್ಸೂ ಹೆಚ್ಚುಕಡಿಮೆ ಇಷ್ಟೇ ಅಗಲ.

ಆಟೋಫೋಕಸ್ ಮರೆತುಬಿಡಿ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ನಲ್ಲಿ 35 ಮಿ.ಮೀ. ಲೆನ್ಸ್ ಹಾಕಿ, ಲೆನ್ಸಿನ ಕಂಡಿಯನ್ನು ಎಫ್8ಕ್ಕೆ ಕಿರಿದು ಮಾಡಿ, 3 ಮೀಟರ್‌ಗೆ ಫೋಕಸ್ ನಿಲ್ಲಿಸಿದರೆ ಸುಮಾರು 2 ಮೀಟರ್‌ನಿಂದ 7 ಮೀಟರ್ ತನಕ ಎಲ್ಲವೂ ಸ್ಪಷ್ಟ. ನಡೆಯುವವರಿಗೆ ಶಟರ್ ವೇಗ ಸೆಕೆಂಡಿನ 1/250ಕ್ಕಿಂತ ಕೆಳಗೆ ಇಳಿಯದಿರಲಿ. ಬೆಳಗ್ಗೆ ನೆರಳಿದ್ದರೆ ಐಎಸ್ಒ, ಅಂದರೆ ಬೆಳಕಿನ ಸೂಕ್ಷ್ಮತೆ, 1600ಕ್ಕೆ ಏರಿಸಿ. ಕಪ್ಪು ಬಿಳುಪಿನಲ್ಲಿ ಒಂದಿಷ್ಟು ಕಾಳು ಕಾಳಾದ ಚುಕ್ಕೆ ಬಂದರೆ ನಷ್ಟವಿಲ್ಲ.

ಬಚ್ಚಿಟ್ಟುಕೊಂಡು ತೆಗೆದ ದೊಡ್ಡವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಅಮೆರಿಕದ ಛಾಯಾಗ್ರಾಹಕ ವಾಕರ್ ಇವಾನ್ಸ್ 1938ರಿಂದ 41ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕೋಟಿನೊಳಗೆ ಕ್ಯಾಮೆರಾ ಅಡಗಿಸಿ ಎದುರು ಸೀಟಿನವರನ್ನು ತೆಗೆದರು. ಆದರೆ ಆ ಚಿತ್ರಗಳ ಪುಸ್ತಕ ಬಂದದ್ದು 1966ರಲ್ಲಿ. ಈಗ ನಾವು ತೆಗೆದ ಹತ್ತೇ ನಿಮಿಷಕ್ಕೆ ಇನ್‌ಸ್ಟಾಗ್ರಾಮ್‌ಗೆ ಹಾಕುತ್ತೇವೆ. ರೈಲಿನಲ್ಲಿ ಕೂತವರು ಇನ್ನೂ ಇಳಿದಿರುವುದೇ ಇಲ್ಲ.

ಕಾನೂನು ಏನು ಹೇಳುತ್ತದೆ? ಪೊಲೀಸರು ಹಿಡಿದರೆ?
— ಓದುಗರು, ಹುಬ್ಬಳ್ಳಿ

ನಾನು ವಕೀಲೆಯಲ್ಲ, ತಿಳಿದಷ್ಟು ಹೇಳುತ್ತೇನೆ. ಸಾರ್ವಜನಿಕ ರಸ್ತೆಯಲ್ಲಿ ಜನರ ಫೋಟೋ ತೆಗೆಯುವುದನ್ನೇ ಅಪರಾಧ ಎನ್ನುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಹಾಗಂತ ಲಂಗುಲಗಾಮಿಲ್ಲ ಎಂದಲ್ಲ. ಹೆಂಗಸಿನ ಖಾಸಗಿ ಕ್ಷಣವನ್ನು, ಯಾರೂ ನೋಡುತ್ತಿಲ್ಲ ಎಂದು ಆಕೆ ನಂಬಿದ ಜಾಗದಲ್ಲಿ, ಸೆರೆಹಿಡಿದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಮೊದಲ ಸಲವೇ ಕನಿಷ್ಠ ಒಂದು ವರ್ಷ ಜೈಲು. ನದಿಯ ಸ್ನಾನಘಟ್ಟದಲ್ಲಂತೂ ಕ್ಯಾಮೆರಾ ಚೀಲದಿಂದ ಹೊರಗೆ ಬರಲೇಬಾರದು, ಕಲಮು ಏನೇ ಹೇಳಲಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

1957ರ ಕಾಯ್ದೆಯಂತೆ ಫೋಟೋದ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ತೆಗೆದವರದ್ದು. ಆದರೆ ಆ ಮುಖವನ್ನು ಬ್ಯಾಂಕಿನ ಜಾಹೀರಾತಿಗೋ ಸೋಪಿನ ಡಬ್ಬಿಗೋ ಕೊಡಬೇಕಾದರೆ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಮಕ್ಕಳ ಫೋಟೋ ಆದರೆ ತಂದೆತಾಯಿಯನ್ನು ಕೇಳಿ, ಹಾಕುವಾಗ ಶಾಲೆಯ ಹೆಸರು, ಊರಿನ ಹೆಸರು ಬರೆಯಬೇಡಿ. ಪೊಲೀಸರು ಬಂದರೆ ಫೋಟೋಗಳನ್ನು ತೋರಿಸಿ ನಯವಾಗಿ ಮಾತಾಡಿ. ಫೋಟೋದಲ್ಲಿರುವವರೇ ಬಂದು ಅಳಿಸಿ ಎಂದರೆ ನಾನು ಅವರೆದುರಿಗೇ ಅಳಿಸುತ್ತೇನೆ.

ನಾನು ಈಗ ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲಿನ ಗೆಳೆಯರು ಬೀದಿ ಫೋಟೋ ಎಂದರೆ ಹೆದರುತ್ತಾರೆ, ಯಾಕೆ?
— ಓದುಗರು, ಜರ್ಮನಿ

ಅಲ್ಲಿ 1907ರ ಕಾನೂನೊಂದು ಈಗಲೂ ಜಾರಿಯಲ್ಲಿದೆ. ವ್ಯಕ್ತಿಯ ಚಿತ್ರವನ್ನು ಪ್ರಕಟಿಸಲು, ಪ್ರದರ್ಶಿಸಲು ಅವರ ಒಪ್ಪಿಗೆ ಬೇಕು ಎನ್ನುತ್ತದೆ. ಕಲೆಗೆ, ಸಭೆ ಮೆರವಣಿಗೆಗಳಿಗೆ, ಕಟ್ಟಡದ ಮುಂದೆ ಅಕಸ್ಮಾತ್ ಬಂದುಹೋದವರಿಗೆ ವಿನಾಯಿತಿ ಉಂಟು, ಆದರೆ ಅದರ ಅಳತೆ ಕೋರ್ಟಿಗೆ ಬಿಟ್ಟದ್ದು. ಬೆನ್ನು, ನೆರಳು, ಮಂಜಿನಲ್ಲಿ ಟ್ರಾಮ್ ಕಾಯುವ ಕಪ್ಪು ಆಕೃತಿಗಳು, ಇವುಗಳಿಂದ ಶುರುಮಾಡಿ. ಅಲ್ಲಿನ ಚಳಿಗಾಲದ ಬೆಳಕಿಗೆ ಅದು ಹೊಂದುತ್ತದೆ ಕೂಡ.

ನಡು ಮಧ್ಯಾಹ್ನ ಬಿಳಿ ಪಂಚೆ, ಬಿಳಿ ಅಂಗಿಯ ಯಜಮಾನರೊಬ್ಬರನ್ನು ತೆಗೆದೆ. ಬಟ್ಟೆ ಬೂದಿಯಂತೆ, ಮುಖ ಮಸಿಯಂತೆ ಬಂದಿದೆ.
— ಓದುಗರು, ಶಿವಮೊಗ್ಗ

ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಎದುರಿಗೆ ಏನೇ ಇರಲಿ, ನಡು ಬೂದು ಎಂದೇ ಲೆಕ್ಕ ಹಾಕುತ್ತದೆ. ಪಂಚೆ ಅಂಗಿಯೇ ಫ್ರೇಮಿನ ತುಂಬ ಇದ್ದುದರಿಂದ ಅದನ್ನು ಬೂದಿಗೆ ಇಳಿಸಿತು, ಮುಖ ಅದರ ಜೊತೆ ಪಾತಾಳಕ್ಕೆ ಹೋಯಿತು. ಒಂದು ಸ್ಟಾಪ್ ಪ್ಲಸ್ ಮಾಡಿ, ಅಂದರೆ ಬೆಳಕನ್ನು ಇಮ್ಮಡಿ ಮಾಡಿ. ಡಿಜಿಟಲ್‌ನಲ್ಲಿ ಅಂಗಿಯ ಮಡಿಕೆ ಸುಟ್ಟುಹೋಗದಷ್ಟು ಮಾತ್ರ, ಸುಟ್ಟರೆ ಮತ್ತೆ ಬರುವುದಿಲ್ಲ. ಮುಖವನ್ನು ಆಮೇಲೆ ಎತ್ತಿಕೊಳ್ಳಬಹುದು. ರೀಲಿನಲ್ಲಿ ಲೆಕ್ಕ ಉಲ್ಟಾ: ನೆರಳಿಗೆ ಬೆಳಕು ಕೊಟ್ಟರೆ ಬಿಳುಪು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಇದಕ್ಕಿಂತ ಸುಲಭದ್ದು, ಅಂಗಡಿಯ ತಗಡಿನ ಚಾವಣಿಯ ನೆರಳು ಮುಗಿಯುವ ಗೆರೆಯ ಹತ್ತಿರ ಕಾಯುವುದು. ಅಲ್ಲಿ ರಸ್ತೆಯ ಬಿಸಿಲು ಪುಟಿದು ಮುಖಕ್ಕೆ ಬೀಳುತ್ತದೆ.

ಸ್ಪರ್ಧೆಗಳಲ್ಲಿ ಗೆಲ್ಲುವುದೆಲ್ಲ ಸುಕ್ಕು ಮುಖದ ಅಜ್ಜಿ, ಭಿಕ್ಷುಕ, ಸಾಧು. ನಾನೂ ಅದನ್ನೇ ತೆಗೆಯಬೇಕೇ?
— ಓದುಗರು, ಮಂಡ್ಯ

ಬೇಡಪ್ಪ. ಕಾಂಟ್ರಾಸ್ಟ್, ಕ್ಲಾರಿಟಿ ಸ್ಲೈಡರ್ ಎರಡನ್ನೂ ಎಳೆದು, ಇರುವ ಸುಕ್ಕಿಗೆ ಇನ್ನಷ್ಟು ಸುಕ್ಕು ಬರೆದು, ಕೆಳಗೆ ‘ಬದುಕಿನ ಪಾಠ’ ಎಂದು ಶೀರ್ಷಿಕೆ ಕೊಟ್ಟ ಫೋಟೋ ನೋಡಿ ನೋಡಿ ನನ್ನ ಕಣ್ಣು ಸೋತಿದೆ. ಅಮೆರಿಕದ ಛಾಯಾಗ್ರಾಹಕ ಪಾಲ್ ಸ್ಟ್ರಾಂಡ್ 1916ರಲ್ಲಿ ನ್ಯೂಯಾರ್ಕಿನಲ್ಲಿ ಕುರುಡು ಹೆಂಗಸೊಬ್ಬರನ್ನು ತೆಗೆದದ್ದು ಬಹಳ ಹೆಸರಾದ ಚಿತ್ರ. ನೂರು ವರ್ಷದಿಂದ ಜನ ಅದನ್ನೇ ಮತ್ತೆ ಮತ್ತೆ ತೆಗೆಯುತ್ತಿದ್ದಾರೆ.

ಮಂಡ್ಯದಲ್ಲೇ ಆಲೆಮನೆ ಇದೆ, ಕಬ್ಬಿನ ಗಾಡಿಗಳ ಸಾಲಿದೆ, ಬಸ್ ಸ್ಟ್ಯಾಂಡಿನಲ್ಲಿ ಜಗಳವಾಡಿ ಬೆನ್ನು ತಿರುಗಿಸಿ ಕೂತ ಗಂಡ ಹೆಂಡತಿ ಇದ್ದಾರೆ. ನಿಂತು ನೋಡಿ. ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳು ಸಿಕ್ಕರೆ ನಿಧಾನವಾಗಿ ನೋಡಿ. ಮೈಸೂರಿನವರು, 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು, 1977ರಲ್ಲಿ ಪದ್ಮಶ್ರೀ ಬಂತು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನೂ ಚಿತ್ರಿಸಿದವರು. ಬಡವರನ್ನು ಎಷ್ಟೋ ತೆಗೆದಿದ್ದಾರೆ, ಆದರೆ ಅವರ ಚಿತ್ರದ ಜನ ಏನಾದರೊಂದು ಮಾಡುತ್ತಿರುತ್ತಾರೆ: ಆಡುತ್ತಾರೆ, ನಗುತ್ತಾರೆ, ಕೆಲಸದಲ್ಲಿರುತ್ತಾರೆ. ನಮ್ಮ ಅಯ್ಯೋಗೆ ಕಾದು ಕೂತಿರುವುದಿಲ್ಲ.

ರೀಲು ಈಗಲೂ ಸಿಗುತ್ತದಾ? ಇಂಡು ರೀಲು ಸಿಗುತ್ತದಾ?
— ಓದುಗರು, ಚಾಮರಾಜನಗರ

ಇಂಡು ಸಿಗುವುದಿಲ್ಲ. ಅದನ್ನು ಮಾಡುತ್ತಿದ್ದ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಬಾಗಿಲು ಹಾಕಿತು. ಇಲ್‌ಫೋರ್ಡ್ ಎಚ್‌ಪಿ5, ಕೊಡ್ಯಾಕ್ ಟ್ರೈ-ಎಕ್ಸ್ ಆನ್‌ಲೈನ್‌ನಲ್ಲಿ ಸಿಗುತ್ತವೆ, ಎರಡೂ ಕಪ್ಪು ಬಿಳುಪು ರೀಲು, ಐಎಸ್ಒ 400, 36 ಫ್ರೇಮ್. ಬೆಲೆ ಕೇಳಿದರೆ ತಲೆ ಸುತ್ತುತ್ತದೆ, ಕುಳಿತುಕೊಂಡು ನೋಡಿ. ಮನೆಯಲ್ಲೇ ತೊಳೆಯುವುದಾದರೆ ಡೆವಲಪರ್, ಅಂದರೆ ಚಿತ್ರ ಮೂಡಿಸುವ ದ್ರಾವಣ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ನಿಮ್ಮೂರಿನ ಏಪ್ರಿಲ್‌ನಲ್ಲಿ ನಲ್ಲಿ ನೀರು ಅಷ್ಟು ತಣ್ಣಗಿರುವುದಿಲ್ಲ, ಬಕೆಟ್‌ಗೆ ಐಸ್ ಹಾಕಿ ಡಬ್ಬಿಯನ್ನು ಅದರಲ್ಲಿ ನಿಲ್ಲಿಸಿ. ಬಳಸಿದ ಫಿಕ್ಸರ್‌ನಲ್ಲಿ (ಮೂಡಿದ ಚಿತ್ರವನ್ನು ಉಳಿಸುವ ದ್ರಾವಣ) ಬೆಳ್ಳಿ ಇರುತ್ತದೆ, ಗಿಡಕ್ಕೆ ಚೆಲ್ಲಬೇಡಿ.