ನಾಝಲ್ ದಾಟಿದ ಮೇಲೂ ಲೆಕ್ಕ ಇದೆ

ಪ್ರಶ್ನೆ: ಒತ್ತಡದ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಔಷಧ ಕರಗಿಸಿ, ನಾಝಲ್‌ನಿಂದ (ಕಿರಿದಾದ ಮೂತಿಯಿಂದ) ಚಿಮ್ಮಿಸಿ ಪುಡಿ ಮಾಡುತ್ತಾರೆ. ನನ್ನ ಕಂಪ್ಯೂಟರ್ ಮಾದರಿಯಲ್ಲಿ ಕಣ ಕೆಲವೇ ನ್ಯಾನೋಮೀಟರ್. ಪ್ರಯೋಗದಲ್ಲಿ ಮೈಕ್ರೋಮೀಟರ್, ಅಂದರೆ ನ್ಯಾನೋಮೀಟರ್‌ನ ಸಾವಿರ ಪಟ್ಟು! ಯಾಕೆ?
– ಎಂ.ಫಾರ್ಮ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ನಿಮ್ಮ ಲೆಕ್ಕ ನಾಝಲ್ ಬಾಯಲ್ಲೇ ನಿಂತಂತಿದೆ, ತಂಗಿ. ಈ ಅನಿಲ 31 ಡಿಗ್ರಿ ಸೆಲ್ಸಿಯಸ್, 74 ಬಾರ್ ಒತ್ತಡ (ನಮ್ಮ ಸುತ್ತಲ ಗಾಳಿಯ ಒತ್ತಡದ ಸುಮಾರು 74 ಪಟ್ಟು) ದಾಟಿದರೆ ದ್ರವದಂತೆ ಕರಗಿಸುತ್ತದೆ. (31 ಡಿಗ್ರಿ ನಿಮ್ಮೂರ ಬಿಸಿಲಿಗೆ ಯಾವ ಲೆಕ್ಕ, ಒತ್ತಡದ್ದೇ ತೊಂದರೆ.) ನಾಝಲ್‌ನಿಂದ ಚಿಮ್ಮುವಾಗ ಒತ್ತಡ ಕುಸಿದರೆ ಕರಗಿಸುವ ಶಕ್ತಿಯೂ ಹೋಯಿತು. ಕಣ್ಣು ಮಿಟುಕಿಸುವುದರೊಳಗೆ ಕೋಟಿಗಟ್ಟಲೆ ಪುಟ್ಟ ಕಣ ಹುಟ್ಟುತ್ತವೆ. ಅಷ್ಟು ಒತ್ತಾಗಿದ್ದರೆ ಸುಮ್ನೆ ಇರುತ್ತವಾ? ನಾಝಲ್ ಆಚೆ ಅವು ಚಿಮ್ಮಿ ಬೀಳುವ ಪೆಟ್ಟಿಗೆಯಲ್ಲಿ ಡಿಕ್ಕಿ ಹೊಡೆದು, ಅಂಟಿಕೊಂಡು ದೊಡ್ಡದಾಗುತ್ತವೆ. ಆ ಅಂಟುವಿಕೆಯನ್ನೂ, ಕಣ ಅಲ್ಲಿ ಎಷ್ಟು ಹೊತ್ತು ಇರುತ್ತದೆ ಎಂಬುದನ್ನೂ ಮಾದರಿಗೆ ಸೇರಿಸಿ. ಮೇಲ್ಮೈ ಎಳೆತದ (ಕಣದ ಮೇಲ್ಮೈಯನ್ನು ಕುಗ್ಗಿಸಲು ಎಳೆಯುವ ಬಲದ) ಬೆಲೆಯನ್ನೂ ಇನ್ನೊಮ್ಮೆ ನೋಡಿ. ಅದು ಕೊಂಚ ಬದಲಾದರೂ ಹುಟ್ಟುವ ಕಣಗಳ ಸಂಖ್ಯೆ ಸಿಕ್ಕಾಪಟ್ಟೆ ಏರುಪೇರಾಗುತ್ತದೆ.