ಜಾಝ್ ಬೇಸ್‌ಗೆ ದಪ್ಪ ಸದ್ದು ಬೇಕಾ? ಹೊಸ ಪಿಕಪ್‌ಗೆ ಮೊದಲು ವೈರಿಂಗ್ ಬದಲಿಸಿ ನೋಡಿ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಫೆಂಡರ್ ಕಂಪನಿಯ ಜಾಝ್ ಬೇಸ್ ಮಾದರಿಯ ಬೇಸ್ ಗಿಟಾರ್, ಎರಡು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಅಲುಗಾಟವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ), ಮೂರು ನಾಬ್: ಪ್ರತಿ ಪಿಕಪ್‌ಗೆ ಒಂದು ವಾಲ್ಯೂಮ್, ಎರಡಕ್ಕೂ ಸೇರಿ ಒಂದು ಟೋನ್. ಮನೆಯಲ್ಲಿ ಒಬ್ಬರೇ ನುಡಿಸುವಾಗ ಚೆನ್ನಾಗಿಯೇ ಕೇಳುತ್ತದೆ. ಗಣೇಶನ ಪೆಂಡಾಲ್‌ನಲ್ಲಿ ಆರ್ಕೆಸ್ಟ್ರಾ ಜೊತೆ ನಿಂತರೆ ಕೀಬೋರ್ಡು, ರಿದಮ್ ಪ್ಯಾಡು, ಢೋಲಕ್ ನಡುವೆ ಬೇಸ್ ಕೇಳಿಸುವುದೇ ಇಲ್ಲ. ಅದೇ ಕಂಪನಿಯ ಪ್ರಿಸಿಷನ್ ಬೇಸ್ ಥರ ದಪ್ಪ ಸದ್ದು ಬೇಕು, ಹೊಸ ಪಿಕಪ್ ತರಿಸಲಾ ಅಂತ ಕೇಳಿದ್ದೀರಿ.

ಈಗಲೇ ತರಿಸಬೇಡಿ. ನಿಮಗೆ ಬೇಕಾದ ದಪ್ಪ ಬಹುಪಾಲು ಅದೇ ಗಿಟಾರಿನ ಒಳಗಿದೆ. ಎರಡು ಪಿಕಪ್‌ಗಳು ಈಗ ಪ್ಯಾರಲಲ್ ಆಗಿ ಸೇರಿವೆ. ಅವನ್ನು ಸೀರೀಸ್ ಮಾಡಿ ನೋಡಿ. ಬೇಕಾಗುವುದು ಒಂದು ಪುಶ್-ಪುಲ್ ಪಾಟ್ (ಪಾಟ್ ಅಂದರೆ ನಾಬ್ ಕೆಳಗಿನ ತಿರುಗಿಸುವ ಭಾಗ; ಇದರಲ್ಲಿ ಎಳೆದು ಒತ್ತುವ ಸ್ವಿಚ್ ಕೂಡ ಇರುತ್ತದೆ), ಒಂದು ಗೇಣು ವೈರು, ಒಂದು ಸಂಜೆ.

ದೀಪಾವಳಿಯ ಸೀರಿಯಲ್ ಸೆಟ್ ನೋಡಿದ್ದೀರಲ್ವಾ? ಒಂದು ಬಲ್ಬಿನ ಬಾಲ ಇನ್ನೊಂದರ ತಲೆಗೆ. ಸೀರೀಸ್ ಅಂದರೆ ಅಷ್ಟೇ. ಮನೆಯ ಬಲ್ಬುಗಳು ಪ್ಯಾರಲಲ್, ಪ್ರತಿಯೊಂದಕ್ಕೂ ಅದರದೇ ದಾರಿ. 1960ರಲ್ಲಿ ಬಂದಾಗಿನಿಂದ ಜಾಝ್ ಬೇಸ್ ಈ ಎರಡನೇ ರೀತಿ. ಪ್ರಿಸಿಷನ್ ಬೇಸ್‌ನಲ್ಲಿ 1957ರಿಂದ ಇರುವ ಎರಡು ತುಂಡಿನ ಪಿಕಪ್ ಮೊದಲ ರೀತಿ. ಅದರ ಗಟ್ಟಿತನಕ್ಕೆ ಇದೂ ಒಂದು ಕಾರಣ.

ಒಂದು ಪಿಕಪ್ ಸುಮಾರು 7.5 ಕಿಲೋ ಓಮ್ ಅಂದುಕೊಳ್ಳಿ. ಪ್ಯಾರಲಲ್‌ನಲ್ಲಿ ಎರಡೂ ಸೇರಿ 3.75. ಸೀರೀಸ್‌ನಲ್ಲಿ 15. ನಾಲ್ಕು ಪಟ್ಟು. ಇಂಡಕ್ಟನ್ಸ್ (ಕರೆಂಟಿನ ಏರಿಳಿತವನ್ನು ತಡೆಯುವ ಕಾಯಿಲ್ ಗುಣ) ಕೂಡ ಹೆಚ್ಚುಕಡಿಮೆ ಹಾಗೆಯೇ ನಾಲ್ಕು ಪಟ್ಟು ಆಗುತ್ತದೆ. ಪಿಕಪ್‌ನ ಇಂಡಕ್ಟನ್ಸ್, ಕೇಬಲ್‌ನ ಕೆಪಾಸಿಟನ್ಸ್ (ಚಾರ್ಜ್ ಹಿಡಿದಿಡುವ ಗುಣ) ಎರಡೂ ಸೇರಿ ಸದ್ದಿನ ಮೇಲ್ಭಾಗದಲ್ಲಿ ಒಂದು ಉಬ್ಬು ಕೊಡುತ್ತವೆ. ಇಂಡಕ್ಟನ್ಸ್ ನಾಲ್ಕು ಪಟ್ಟಾದರೆ ಆ ಉಬ್ಬು ಲೆಕ್ಕದ ಪ್ರಕಾರ ಒಂದು ಸ್ಥಾಯಿ ಕೆಳಗೆ ಇಳಿಯುತ್ತದೆ. ಮೇಲಿನ ಕಿಣಿಕಿಣಿ ಕಡಿಮೆ, ನಡುಭಾಗ ಜಾಸ್ತಿ, ಒಟ್ಟು ಸದ್ದೂ ಜೋರು. ಆರ್ಕೆಸ್ಟ್ರಾದಲ್ಲಿ ಬೇಸ್ ಎದ್ದು ಕೇಳುವುದು ಈ ನಡುಭಾಗದಿಂದಲೇ. ಬರೀ ತಳದ ಗುಡುಗು ಜಾಸ್ತಿ ಮಾಡಿದರೆ ಪೆಂಡಾಲ್ ಸ್ಪೀಕರ್‌ನಲ್ಲಿ ಗೊಜಗೊಜ ಅನ್ನುತ್ತದೆ, ಸ್ವರ ಗೊತ್ತಾಗುವುದಿಲ್ಲ.

ಶುರು ಮಾಡುವ ಮುಂಚೆ ಗಿಟಾರಿಗೆ 9 ವೋಲ್ಟ್ ಬ್ಯಾಟರಿ ಇದೆಯಾ ನೋಡಿ. ಇದ್ದರೆ ಒಳಗೆ ಪ್ರೀ-ಆಂಪ್, ಅಂದರೆ ಸಿಗ್ನಲ್ ಹಿಗ್ಗಿಸುವ ಸರ್ಕ್ಯೂಟ್ ಇದೆ, ಈ ವಿಧಾನ ಹಾಗೇ ಹೊಂದುವುದಿಲ್ಲ. ಬ್ಯಾಟರಿ ಇಲ್ಲದಿದ್ದರೆ ಮುಂದುವರಿಯಿರಿ.

ಪಾಟ್ 250 ಕೆ, ಆಡಿಯೋ ಟೇಪರ್, ಅಂದರೆ ಮೈಮೇಲೆ ಎ250ಕೆ ಅಂತ ಇರುವುದು. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ವೈರು, ಸೋಲ್ಡರ್ ಎಲ್ಲಾ ಸಿಗುತ್ತದೆ. ಪುಶ್-ಪುಲ್ ಪಾಟ್ ಮಾತ್ರ ಗಿಟಾರ್ ಬಿಡಿಭಾಗ ಮಾರುವವರ ಹತ್ತಿರ ಕೇಳಿ. ನಿಮ್ಮ ನಾಬ್ ಅದರ ದಂಡಕ್ಕೆ ಕೂರುತ್ತದಾ ಅಂತ ಹಾಕಿ ನೋಡಿಯೇ ತನ್ನಿ. ಈ ಪಾಟ್ ಉದ್ದ. ಒಳಗೆ ಸುಮಾರು 3 ಸೆಂಟಿಮೀಟರ್ ಆಳ ಬೇಕು, ಮೊದಲೇ ಸ್ಕೇಲ್ ಇಟ್ಟು ಅಳೆಯಿರಿ. ಸೋಲ್ಡರಿಂಗ್ ಐರನ್ 25 ವ್ಯಾಟ್‌ನದು ನಡೆಯುತ್ತದೆ. ಪಾಟ್ ಬೆನ್ನಿಗೆ ಬೆಸುಗೆ ಹಾಕುವಾಗ ಮಾತ್ರ 40 ವ್ಯಾಟ್ ಇದ್ದರೆ ಬೇಗ ಮುಗಿಯುತ್ತದೆ. ನಾನು ಮೊದಲ ಸಲ ಸಣ್ಣ ಐರನ್ ಅರ್ಧ ನಿಮಿಷ ಒತ್ತಿ ಹಿಡಿದು ಪಾಟ್ ಒಳಗಿನ ಪಟ್ಟಿಯನ್ನೇ ಸುಟ್ಟೆ. ಬೆನ್ನನ್ನು ಉಪ್ಪುಕಾಗದದಿಂದ ಸ್ವಲ್ಪ ಉಜ್ಜಿ, ಬಿಸಿ ತುದಿ ಇಟ್ಟು ಮೂರು ನಾಲ್ಕು ಸೆಕೆಂಡಿನಲ್ಲಿ ತೆಗೆಯಿರಿ.

ಕಂಟ್ರೋಲ್ ಪ್ಲೇಟ್ ಬಿಚ್ಚಿ ಮಗುಚಿ ಇಟ್ಟ ತಕ್ಷಣ ಎರಡು ಮೂರು ಫೋಟೋ ತೆಗೆಯಿರಿ. ಪಿಕಪ್‌ಗಳನ್ನು ಮುಟ್ಟುವುದೇ ಬೇಡ, ಅದರ ಕಾಯಿಲ್ ವೈರು ಕೂದಲಿನಷ್ಟು ತೆಳು. ಪ್ರತಿ ಪಿಕಪ್‌ನಿಂದ ಎರಡು ವೈರು ಬರುತ್ತವೆ. ಹಾಟ್ ವೈರು, ಸಾಮಾನ್ಯವಾಗಿ ಬಿಳಿ, ಅದರ ವಾಲ್ಯೂಮ್ ಪಾಟ್‌ನ ನಡು ಕಾಲಿಗೆ ಹೋಗುತ್ತದೆ. ಗ್ರೌಂಡ್ ವೈರು, ಸಾಮಾನ್ಯವಾಗಿ ಕಪ್ಪು, ಪಾಟ್ ಬೆನ್ನಿಗೆ. ಬಣ್ಣ ಬೇರೆ ಇದ್ದರೆ ಎಲ್ಲಿಗೆ ಹೋಗಿದೆ ಅನ್ನುವುದನ್ನೇ ನಂಬಿ. ಕಪ್ಪು ಎರಡೂ ಒಂದೇ ಬೆಸುಗೆಯಲ್ಲಿ ಅಂಟಿದ್ದರೆ ಎರಡನ್ನೂ ಬಿಚ್ಚಿ. ನೆಕ್ ಪಿಕಪ್‌ನ (ಗಿಟಾರಿನ ಕತ್ತಿನ ಹತ್ತಿರದ್ದು) ಬಿಳಿಗೆ ಮಲ್ಟಿಮೀಟರ್ ಇಟ್ಟು, ಬ್ರಿಡ್ಜ್ ಪಿಕಪ್‌ನ (ತಂತಿಗಳು ಕೂರುವ ತಳದ ಪಟ್ಟಿಯ ಹತ್ತಿರದ್ದು) ಬಿಳಿಯನ್ನು ಅದರ ಪಾಟ್‌ನಿಂದ ಬಿಡಿಸಿಟ್ಟು, ಯಾವ ಕಪ್ಪಿನ ಜೊತೆ 7-8 ಕಿಲೋ ಓಮ್ ತೋರಿಸುತ್ತದೋ ಅದೇ ಅದರ ಜೋಡಿ.

ಟೋನ್ ಪಾಟ್ ತೆಗೆದು ಆ ಜಾಗಕ್ಕೆ ಪುಶ್-ಪುಲ್ ಹಾಕಿ. ಕೆಪಾಸಿಟರ್, ಟೋನ್ ವೈರು ಹಳೆಯದರಲ್ಲಿ ಇದ್ದ ಹಾಗೇ ಇದಕ್ಕೂ ಬರಲಿ. ಹಿಂದಿನ ಸ್ವಿಚ್‌ಗೆ ಎರಡು ಸಾಲಿನಲ್ಲಿ ಮೂರು ಮೂರು ಕಾಲು ಇರುತ್ತವೆ. ನಾಬ್ ಒತ್ತಿದಾಗ ನಡು ಕಾಲು ಯಾವ ತುದಿಗೆ ಸೇರುತ್ತದೆ, ಎಳೆದಾಗ ಯಾವುದಕ್ಕೆ ಅಂತ ಮೀಟರ್‌ನ ಬೀಪ್‌ನಿಂದ ಗುರುತು ಮಾಡಿಕೊಳ್ಳಿ. ಒತ್ತಿದ ಕಾಲು, ಎಳೆದ ಕಾಲು ಅಂತಲೇ ಕರೆಯೋಣ.

ನೆಕ್ ಪಿಕಪ್‌ನ ಕಪ್ಪು ವೈರನ್ನು ಗ್ರೌಂಡಿನಿಂದ ಬಿಡಿಸಿ ಎಡಸಾಲಿನ ನಡು ಕಾಲಿಗೆ ಹಾಕಿ. ಎಡಸಾಲಿನ ಒತ್ತಿದ ಕಾಲಿನಿಂದ ಪಾಟ್ ಬೆನ್ನಿಗೆ, ಅಂದರೆ ಗ್ರೌಂಡಿಗೆ, ಒಂದು ತುಂಡು ವೈರು. ಬ್ರಿಡ್ಜ್ ಪಿಕಪ್‌ನ ಬಿಳಿ ವೈರನ್ನು ಅದರ ವಾಲ್ಯೂಮ್ ಪಾಟ್‌ನಿಂದ ಬಿಡಿಸಿ ಬಲಸಾಲಿನ ನಡು ಕಾಲಿಗೆ ಹಾಕಿ. ಬಲಸಾಲಿನ ಒತ್ತಿದ ಕಾಲಿನಿಂದ ಬ್ರಿಡ್ಜ್ ವಾಲ್ಯೂಮ್‌ನ ನಡು ಕಾಲಿಗೆ ಇನ್ನೊಂದು ತುಂಡು. ಎರಡೂ ಸಾಲಿನ ಎಳೆದ ಕಾಲುಗಳನ್ನು ಒಂದಕ್ಕೊಂದು ಸೇರಿಸಿ. ಬ್ರಿಡ್ಜ್ ಪಿಕಪ್‌ನ ಕಪ್ಪು ಗ್ರೌಂಡಿನಲ್ಲೇ ಇರಲಿ. ತಂತಿಗಳಿಗೆ ಗ್ರೌಂಡ್ ಕೊಡಲು ಬ್ರಿಡ್ಜ್ ಕೆಳಗಿನಿಂದ ಬರುವ ವೈರನ್ನೂ ಕೀಳಬೇಡಿ.

ನಾಬ್ ಒತ್ತಿದ್ದರೆ ಹಳೆಯ ಜಾಝ್ ಬೇಸ್. ಎಳೆದರೆ ಸೀರೀಸ್.

ಒಂದು ಎಚ್ಚರಿಕೆ. ನೆಕ್ ಪಿಕಪ್‌ನ ಆ ಕಪ್ಪು ವೈರು ಇನ್ನು ಮೇಲೆ ಸುಮ್ನೆ ಗ್ರೌಂಡ್ ಅಲ್ಲ, ಸೀರೀಸ್‌ನಲ್ಲಿ ಅದರಲ್ಲೂ ಸಿಗ್ನಲ್ ಓಡುತ್ತದೆ. ಒಳಗೆ ತಾಮ್ರದ ಹಾಳೆ ಅಂಟಿಸಿದ್ದರೆ ಅದಕ್ಕೆ ತಾಗಬಾರದು. ನಿಮ್ಮ ಪಿಕಪ್‌ಗೆ ಕಪ್ಪು ವೈರಿನ ಬದಲು ಬರಿಯ ಜಾಲರಿ ಇದ್ದರೆ ಅದರ ಮೇಲೆ ಸ್ಲೀವ್, ಅಂದರೆ ಪ್ಲಾಸ್ಟಿಕ್ ಕೊಳವೆ, ಹಾಕಲೇಬೇಕು.

ಮುಚ್ಚುವ ಮುಂಚೆ ಜ್ಯಾಕ್‌ಗೆ ಕೇಬಲ್ ಹಾಕಿ, ಎಲ್ಲಾ ನಾಬ್ ಪೂರ್ತಿ ತೆರೆದು, ಇನ್ನೊಂದು ತುದಿಯಲ್ಲಿ ಓಮ್ ಅಳೆಯಿರಿ. ಒತ್ತಿದಾಗ 3.6 ಕಿಲೋ ಓಮ್ ಆಸುಪಾಸು ಬರಬೇಕು. ಎಳೆದಾಗ 15 ಬರುವುದಿಲ್ಲ, 13.4ರ ಹತ್ತಿರ ಬರುತ್ತದೆ. ಎರಡು ವಾಲ್ಯೂಮ್ ಪಾಟ್‌ಗಳೂ ಪಕ್ಕದಲ್ಲಿ ಸೇರಿರುವುದರಿಂದ ಹಾಗೆ, ಗಾಬರಿ ಬೇಡ.

ಸೀರೀಸ್‌ನಲ್ಲಿ ನೆಕ್ ವಾಲ್ಯೂಮ್ ಒಂದೇ ಎರಡೂ ಪಿಕಪ್‌ಗಳ ವಾಲ್ಯೂಮ್ ಆಗುತ್ತದೆ. ಬ್ರಿಡ್ಜ್ ವಾಲ್ಯೂಮ್ ತಿರುಗಿಸಿದರೆ ಏನೂ ಆಗುವುದಿಲ್ಲ. ಬ್ರಿಡ್ಜ್ ಪಿಕಪ್ ಮಾತ್ರ ಇಟ್ಟು, ನೆಕ್ ಮುಚ್ಚಿ ನುಡಿಸುತ್ತಿರುವಾಗ ನಾಬ್ ಎಳೆದರೆ ಗಿಟಾರ್ ಪೂರ್ತಿ ಮೌನವಾಗುತ್ತದೆ. ವೇದಿಕೆಗೆ ಹೋಗುವ ಮುಂಚೆ ಇದು ಕೈಗೆ ರೂಢಿ ಆಗಲಿ. ಸದ್ದು ಜಾಸ್ತಿ ಬರುವುದರಿಂದ ಆಂಪ್‌ನ ಗೇನ್ ಸ್ವಲ್ಪ ಇಳಿಸಿಕೊಳ್ಳಿ.

ಗುಂಯ್ ಸದ್ದಿನ ಬಗ್ಗೆಯೂ ಕೇಳಿದ್ದಿರಿ. ಜೋಡಿಯಾಗಿ ಮಾಡಿದ ಜಾಝ್ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಒಂದರ ಸುತ್ತು, ಅಯಸ್ಕಾಂತ ಎರಡೂ ಉಲ್ಟಾ ಇರುತ್ತವೆ. ಈಗ ಎರಡು ವಾಲ್ಯೂಮ್ ಸಮ ಇದ್ದಾಗ ಮಾತ್ರ ಗುಂಯ್ ಅಡಗುತ್ತದೆ. ಸೀರೀಸ್‌ನಲ್ಲಿ ವಾಲ್ಯೂಮ್ ಎಷ್ಟಿದ್ದರೂ ಅಡಗುತ್ತದೆ. ಆದರೆ ಪೆಂಡಾಲ್‌ನಲ್ಲಿ ಎಷ್ಟೋ ಸಲ ತಪ್ಪು ಪಿಕಪ್‌ನದಲ್ಲ, ಅರ್ಥಿಂಗ್‌ನದು. ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿ ಆಂಪ್ ಕೊಟ್ಟರೆ ದಯವಿಟ್ಟು ನುಡಿಸಬೇಡಿ. ಬೇಸ್‌ನ ತಂತಿ ಗ್ರೌಂಡಿಗೆ ಸೇರಿದೆ, ನಿಮ್ಮ ಕೈ ತಂತಿಯ ಮೇಲಿದೆ, ತುಟಿ ಮೈಕ್‌ಗೆ ತಾಗುತ್ತದೆ. ಸದ್ದು ಹೇಗಿದ್ದರೂ ಪರವಾಗಿಲ್ಲ, ಇದರಲ್ಲಿ ರಾಜಿ ಬೇಡ.

ಇಷ್ಟಾದರೂ ಇದು ಪೂರ್ತಿ ಪ್ರಿಸಿಷನ್ ಬೇಸ್ ಆಗುವುದಿಲ್ಲ. ಪಿಕಪ್‌ಗಳು ಇರುವ ಜಾಗ ಬದಲಾಗಿಲ್ಲ. ಎರಡು ಜಾಗದಲ್ಲಿ ತಂತಿಯನ್ನು ಕೇಳಿ ಸೇರಿಸುವಾಗ ಕೆಲವು ಸ್ವರಾಂಶಗಳು ಒಂದನ್ನೊಂದು ಹೊಡೆದುಹಾಕುತ್ತವೆ, ಅದು ಸೀರೀಸ್‌ನಲ್ಲೂ ಇರುತ್ತದೆ. ಇನ್ನೂ ಹತ್ತಿರ ಬೇಕು ಅಂದರೆ ಫ್ಲಾಟ್‌ವೌಂಡ್ ತಂತಿ (ಮೇಲ್ಮೈ ನುಣುಪಾಗಿ ಚಪ್ಪಟೆ ಪಟ್ಟಿ ಸುತ್ತಿದ್ದು) ಹಾಕಿ. ಮೋಟೌನ್‌ನ (ಅಮೆರಿಕದ ರೆಕಾರ್ಡ್ ಕಂಪನಿ) ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಪ್ರಿಸಿಷನ್ ಬೇಸ್‌ನಲ್ಲಿ ನುಡಿಸಿದ್ದು ಅದೇ ಥರದ ತಂತಿಯಲ್ಲಿ. ಟೋನ್ ಕೆಪಾಸಿಟರ್ 0.047ರಿಂದ 0.022 ಮೈಕ್ರೋಫ್ಯಾರಡ್ ಮಾಡು ಅಂತ ಕೆಲವರು ಹೇಳುತ್ತಾರೆ. ಟೋನ್ ನಾಬ್ ಇಳಿಸಿದಾಗ ಮಾತ್ರ ಅದರ ವ್ಯತ್ಯಾಸ ಚೆನ್ನಾಗಿ ಕೇಳುತ್ತದೆ, ನಿಮ್ಮ ಸಮಸ್ಯೆಗೆ ಅದು ಮದ್ದಲ್ಲ.

ಪ್ಲೇಟ್ ಬಿಚ್ಚಿದ ಮೇಲೆ ಒಳಗಿನ ಫೋಟೋ ಇಲ್ಲೇ ಹಾಕಿ. ಯಾವ ವೈರು ಯಾವ ಕಾಲಿಗೆ ಅಂತ ಗುರುತು ಮಾಡಿ ಕಳಿಸುತ್ತೇನೆ. ಆಮೇಲೆ ಐರನ್ ಬಿಸಿ ಮಾಡಿ.